ಬಿಲ್ಲು, ಹೆದೆ, ಸೆಂಟ್ರಿಂಗ್

ಇವತ್ತೂ ಮಂಡ್ಯದಿಂದ ಮೈಸೂರಿಗೆ ರೈಲಲ್ಲಿ ನಿಂತುಕೊಂಡೇ ಬಂದೆ, ಸೀಟಿನ ಮಾತು ಬೇಡ. ಶ್ರೀರಂಗಪಟ್ಟಣದ ಆಚೆಗೊಮ್ಮೆ ಈಚೆಗೊಮ್ಮೆ ಕಾವೇರಿ ದಾಟುವಾಗ ಗಾಲಿಯ ಸದ್ದು ಬದಲಾಗುತ್ತಲ್ಲ, ಆಗ ನನಗೆ ರಾಜಮಂಡ್ರಿ ನೆನಪಾಗುತ್ತೆ.

ಅಲ್ಲಿ ಗೋದಾವರಿ ಮೇಲೆ 1997ರಲ್ಲಿ ಶುರುವಾದ ಕಾಂಕ್ರೀಟ್ ಕಮಾನಿನ ರೈಲು ಸೇತುವೆ ಇದೆ. ಒಂದೊಂದೂ 97 ಮೀಟರ್ ದಾಟುವ 28 ಕಮಾನುಗಳು. ಭಾರ ಬಿದ್ದರೆ ಕಾಲು ಅಗಲಿಸೋದು ಕಮಾನಿನ ಗುಣ. ಬೆಟ್ಟದಲ್ಲಾದರೆ ಬಂಡೆ ತಡೆಯುತ್ತೆ, ಹೊಳೆ ನಡುವಿನ ಕಂಬಕ್ಕೆ ಅದು ಕಷ್ಟ. ಅದಕ್ಕೇ ಹಳಿ ಹೊತ್ತ ತೊಲೆಯಿಂದಲೇ ಎರಡೂ ತುದಿ ಕಟ್ಟಿದ್ದಾರೆ, ಬಿಲ್ಲಿಗೆ ಹೆದೆ ಬಿಗಿದ ಹಾಗೆ. ಕಾಂಕ್ರೀಟ್ ಒತ್ತಡ ತಡೆಯುತ್ತೆ, ಎಳೆತ ತಡೆಯಲ್ಲ. ಹಾಗಾಗಿ ತೊಲೆಯೊಳಗೆ ಉಕ್ಕಿನ ತಂತಿ ಎಳೆದು ಮೊದಲೇ ಬಿಗಿದಿಟ್ಟಿರುತ್ತಾರೆ. ತೊಲೆ ಕಮಾನಿನಿಂದ ತೂಗಾಡ್ತಿದೆ, ಕಮಾನು ಅದೇ ತೊಲೆಯನ್ನು ನಂಬಿ ನಿಂತಿದೆ. ಎಂಥಾ ಸಂಸಾರ!

ಗಾರೆ ಕೆಲಸದ ದೊಡ್ಡಪ್ಪನಿಗೆ ಫೋಟೊ ತೋರಿಸಿದ್ದೆ.

"ಚೆಂದಾಗದೆ ಕಣ್ಲಾ. ಸೆಂಟ್ರಿಂಗ್ ಎಲ್ಲಿ ಕೊಟ್ರು, ನೀರೊಳಗಾ?"

ಸೆಂಟ್ರಿಂಗ್ ಅಂದರೆ ಕಾಂಕ್ರೀಟ್ ಗಟ್ಟಿಯಾಗೋವರೆಗೆ ಕೆಳಗಿಂದ ಹೊತ್ತು ನಿಲ್ಲೋ ಅಟ್ಟಣೆ. ಓದಿದವರು ಯಾರೂ ನನ್ನನ್ನು ಇದು ಕೇಳಿಲ್ಲ. ಎರಡು ಕಡೆಯೂ ಕೂಡಿಕೊಳ್ಳೋವರೆಗೆ ಅದು ಕಮಾನೇ ಅಲ್ಲ, ಬರೀ ಭಾರ. ಉತ್ತರ ಗೊತ್ತಿರಲಿಲ್ಲ; ಮಾತು ಹಾರಿಸಿ ಸ್ವಿಟ್ಜರ್ಲೆಂಡಿನ ಲಾಂಗ್‌ವೀಸ್ ಸೇತುವೆ ಕಥೆ ಹೇಳಿದೆ. 1914ರದ್ದು, 100 ಮೀಟರಿನ ಕಾಂಕ್ರೀಟ್ ಕಮಾನು, ಕಣಿವೆ ತುಂಬ ಮರದ ಅಟ್ಟಣೆ ಕಟ್ಟಿ ಮಾಡಿದ್ದು.

ಬೀಡಿ ಹಚ್ಚಿಕೊಂಡು ಕೇಳಿದರು, "ಆಮೇಕೆ ಆ ಮರ ಯಾರ್ ತಕಂಡೋದ್ರಂತೆ?"