ವೈರ್‌ಲೆಸ್ ಮೇಲೆ ಕೂತ್ಕೊಂಡಿದ್ದಕ್ಕೆ ಸಿಕ್ಕ ಬೈಗುಳ

ನಮ್ಮ ಭಾವ ಮಲ್ಪೆಯಲ್ಲಿ ತಾಂಡೇಲ, ಅಂದ್ರೆ ಮೀನು ಹಿಡಿಯೋ ಬೋಟು ನಡೆಸೋರು. ಜೂನ್ ಜುಲೈ ರಜೆ ಮುಗಿದು ಬೋಟು ನೀರಿಗಿಳಿದ ಮೇಲೆ ಒಂದಿನ ನಾನೂ ಹಟ ಮಾಡಿ ಹೋಗಿದ್ದೆ. ಕೈಯಲ್ಲಿ ಹಿಡಿಯೋ ವೈರ್‌ಲೆಸ್ ಸೆಟ್ಟು, ವಿಎಚ್‌ಎಫ್ ಅಂತಾರಲ್ಲ ಅದು, ಹಲಗೆ ಮೇಲಿತ್ತು, ನೋಡದೆ ಅದರ ಮೇಲೇ ಕೂತ್ಬಿಟ್ಟೆ ಮಾರಾಯ್ರೆ. ಮಾತಾಡೋ ಬಟನ್ ಒತ್ತಿಕೊಂಡೇ ಇತ್ತು, ಬಂಗುಡೆ ಸಾರಿಗೆ ಹುಳಿ ಜಾಸ್ತಿ ಆಯ್ತು ಅಂತ ನಾನು ಅಡುಗೆ ಹುಡುಗನ ಹತ್ರ ಆಡಿದ ಜಗಳ ಪೂರ್ತಿ ಅಕ್ಕಪಕ್ಕದ ಬೋಟಿಗೆಲ್ಲ ಕೇಳಿಸಿದೆ. ಅವ್ರು ನಮಗೆ ವೈರ್‌ಲೆಸಲ್ಲೇ ಹೇಳೋಣ ಅಂದ್ರೆ ಆಗಲ್ಲ, ನಮ್ಮ ಸೆಟ್ಟು ಕಳಿಸ್ತಾ ಇರುವಾಗ ಅದಕ್ಕೆ ಏನೂ ಕೇಳಿಸಲ್ಲ. ಕೊನೆಗೆ ಒಂದು ಬೋಟಿನವ್ರು ಹತ್ರ ಬಂದು ಬೊಬ್ಬೆ ಹೊಡೆದ್ರು.

ಭಾವ ಬೈದಿದ್ದು ಸಾರಿಗಲ್ಲ, ಸೆಟ್ಟು 16ನೇ ಚಾನೆಲ್‌ನಲ್ಲಿತ್ತು ಅನ್ನೋದಕ್ಕೆ. 156.8 ಮೆಗಾಹರ್ಟ್ಸ್, ಜಗತ್ತಿಗೆಲ್ಲ ಒಂದೇ, ಅಪಾಯದ ಕರೆಗೂ ಮೊದಲ ಕರೆಗೂ ಅದೇ. ಆ ಹೊತ್ತಲ್ಲಿ ಯಾರಾದ್ರೂ ಮುಳುಗ್ತಾ ಇದ್ದಿದ್ರೆ ಅವರ ಕೂಗಿನ ಮೇಲೆ ನಮ್ಮ ಹುಳಿ ಪುರಾಣ! ಕರೆಯೋದಷ್ಟೇ 16ರಲ್ಲಿ, ಆಮೇಲೆ ಬೇರೆ ಚಾನೆಲ್‌ಗೆ ಹೋಗಿ ಏನು ಬೇಕಾದ್ರೂ ಮಾತಾಡಿ. ಹತ್ತಿರದ ಬೋಟಿಗಾದ್ರೆ 1 ವ್ಯಾಟ್ ಸಾಕು, ಸುಮ್ನೆ ದೂರದವ್ರ ಕಿವಿ ತಿನ್ನೋದ್ಯಾಕೆ.

ಆಮೇಲೆ ಕೂರಿಸ್ಕೊಂಡು ಹೇಳಿಕೊಟ್ರು. ಬೋಟು ಮುಳುಗ್ತಿದೆ, ಬೆಂಕಿ ಹತ್ತಿದೆ, ಜೀವಕ್ಕೇ ಬಂದಿದೆ ಅಂದ್ರೆ ಮೂರು ಸಲ ಮೇಡೇ, ಮೂರು ಸಲ ಬೋಟಿನ ಹೆಸರು, ಮತ್ತೊಮ್ಮೆ ಮೇಡೇ ಅಂತ ಹೆಸರು ಹೇಳಿ, ತಕ್ಷಣ ಎಲ್ಲಿದ್ದೀವಿ ಅನ್ನೋದು, ಆಮೇಲೆ ಏನಾಯ್ತು, ಎಷ್ಟು ಜನ ಇದ್ದೀವಿ, ಓವರ್. ಇಂಜಿನ್ ಕೆಟ್ಟು ನಿಂತಿದೆ, ಸದ್ಯಕ್ಕೆ ಜೀವಕ್ಕೇನೂ ಇಲ್ಲ ಅಂದ್ರೆ ಮೇಡೇ ಅಲ್ಲ, ಪ್ಯಾನ್ ಪ್ಯಾನ್, ಅದೂ ಮೂರು ಸಲ.

ಎಲ್ಲಿದ್ದೀವಿ ಅನ್ನೋದನ್ನ ಮೊದಲು ಹೇಳೋದ್ಯಾಕೆ ಅಂದ್ರೆ ಬ್ಯಾಟರಿ ನೀರಲ್ಲಿ ಹೋದ್ರೂ ಅಷ್ಟಾದ್ರೂ ತಲುಪಿರುತ್ತೆ. ಆದ್ರೆ ಜಿಪಿಎಸ್ ಓದೋದ್ರಲ್ಲೇ ಎಡವಟ್ಟು ಜಾಸ್ತಿ. ಸ್ಕ್ರೀನಲ್ಲಿ 13.50 ಡಿಗ್ರಿ ಅಂತಿದ್ರೆ ಅದು 13 ಡಿಗ್ರಿ 30 ಮಿನಿಟ್, ನಾನಂತೂ 13 ಡಿಗ್ರಿ 50 ಮಿನಿಟ್ ಅಂತ ಓದ್ದೆ. ಅಕ್ಷಾಂಶದ ಒಂದು ಮಿನಿಟ್ ಅಂದ್ರೆ ಒಂದು ನಾಟಿಕಲ್ ಮೈಲು, ಸುಮಾರು 1.85 ಕಿಲೋಮೀಟರ್, ಲೆಕ್ಕ ಹಾಕಿ, 37 ಕಿಲೋಮೀಟರ್ ಆಚೆ ಹುಡುಕ್ತಾರೆ ನಮ್ಮನ್ನ!

ಮೊಬೈಲ್ ಇದೆಯಲ್ಲ ಅಂದೆ. ದಡ ಕಾಣೋ ತನಕ ಸರಿ, ಕೋಸ್ಟ್ ಗಾರ್ಡಿನ 1554 ನಂಬರ್ ಇಟ್ಕೋ, ಆದ್ರೆ ಫೋನಲ್ಲಿ ನೀನು ಮಾಡಿದವನಿಗೆ ಮಾತ್ರ ಕೇಳೋದು, ವೈರ್‌ಲೆಸಲ್ಲಿ ಪಕ್ಕದಲ್ಲಿರೋ ಬೋಟಿಗೂ ಕೇಳುತ್ತೆ, ಮೊದಲು ಬರೋದು ಅವ್ನೇ ಅಂದ್ರು. ಹಾಗಂತ ಕೈ ಸೆಟ್ಟನ್ನ ಪೂರ್ತಿ ನಂಬೋ ಹಾಗಿಲ್ಲ, ಅದು 5 ವ್ಯಾಟು, ಭೂಮಿ ಗುಂಡಗಿರೋದ್ರಿಂದ ಆಂಟೆನಾ ಎಷ್ಟು ಎತ್ತರವೋ ಅಷ್ಟು ದೂರ. ಬೋಟಿಗೆ ಕೂರಿಸಿದ 25 ವ್ಯಾಟಿನ ಸೆಟ್ಟಿನ ಆಂಟೆನಾ ಅದಕ್ಕೇ ಕಂಬದ ತುದೀಲಿರೋದು.

ಈಗ ಕೈ ಸೆಟ್ಟು ಮೊಳೆಗೆ ನೇತಾಡ್ತಿದೆ, ನಾನು ಕೂರೋ ಜಾಗಕ್ಕಿಂತ ಒಂದು ಮಾರು ಮೇಲೆ.