ಎಕೆ-47 ತಾನೇ, ಅದಕ್ಕೆ ಅಷ್ಟು ದುಡ್ಡೇ?

ಟೆಕ್ಸಾಸಿಗೆ ಬಂದು ಹದಿನಾರು ವರ್ಷವಾಯಿತು. ಊಟಕ್ಕೆ ಬಂದ ಕನ್ನಡದ ಗೆಳೆಯರಿಗೆ ಉಕ್ಕಿನ ಕಪಾಟು ತೆಗೆದು ನನ್ನ ಫಿನ್ನಿಷ್ ವಾಲ್ಮೆಟ್ ರೈಫಲ್ ತೋರಿಸಿದರೆ ಎಲ್ಲರೂ ಕೇಳುವುದು ಒಂದೇ: "ಇದು ಎಕೆ-47 ತಾನೇ? ಇದಕ್ಕೆ ಅಷ್ಟು ದುಡ್ಡು ಸುರಿದೆಯಾ?" ಹೆಂಡತಿಯೂ ಇದನ್ನೇ ಕೇಳುತ್ತಾಳೆ, ದನಿ ಮಾತ್ರ ಬೇರೆ.

ವಂಶ ಎಕೆಯದ್ದೇ, ಇಲ್ಲವೆನ್ನುವುದಿಲ್ಲ. ಆದರೆ ಹುಟ್ಟಿದ್ದು ಫಿನ್ಲೆಂಡಿನ ಯುವಾಸ್ಕುಲಾದಲ್ಲಿ, ವಾಲ್ಮೆಟ್ ಎಂಬ ಸರ್ಕಾರಿ ಕಂಪನಿಯ ಕಾರ್ಖಾನೆಯಲ್ಲಿ. ಇದೇ ವಾಲ್ಮೆಟ್ ಟ್ರ್ಯಾಕ್ಟರ್, ಹಡಗು, ಕಾಗದ ತಯಾರಿಸುವ ಯಂತ್ರಗಳನ್ನೂ ಮಾಡುತ್ತಿತ್ತು. 1939-40ರ ಚಳಿಗಾಲದಲ್ಲಿ ಸೋವಿಯತ್ ಸೇನೆಯನ್ನು ಎದುರಿಸಿ ನಿಂತ ದೇಶ, ಎರಡು ದಶಕ ಕಳೆದ ಮೇಲೆ ಅದೇ ಪಕ್ಕದ ಮನೆಯ ಬಂದೂಕಿನ ವಿನ್ಯಾಸವನ್ನು ಎತ್ತಿಕೊಂಡಿತು. ಎತ್ತಿಕೊಂಡು ಸುಮ್ಮನೆ ಕೂರಲಿಲ್ಲ, ತನ್ನ ಒಗ್ಗರಣೆ ಹಾಕಿತು. ಮೊದಲು ಪ್ರಯೋಗಕ್ಕೆ ಆರ್‌ಕೆ 60 (ಆರ್‌ಕೆ ಎಂದರೆ ಫಿನ್ನಿಷ್ ಭಾಷೆಯಲ್ಲಿ ದಾಳಿ ರೈಫಲ್) ಬಂತು, ಅದನ್ನು ತಿದ್ದಿ ಆರ್‌ಕೆ 62. ವಾಲ್ಮೆಟ್ ಮತ್ತು ಸಾಕೊ ಎಂಬ ಇನ್ನೊಂದು ಫಿನ್ನಿಷ್ ಕಂಪನಿ ಸೇರಿ 1990ರ ದಶಕದವರೆಗೆ ಸುಮಾರು 3.5 ಲಕ್ಷ ಬಂದೂಕು ಮಾಡಿದವು. (ಸಾಕೊ ಎಂದರೆ ನಮ್ಮವರು ನಗುತ್ತಾರೆ. ಸಂಗ್ರಹದ ಹುಚ್ಚು ಹಿಡಿದವರಿಗೆ ಮಾತ್ರ ಅದು ಸಾಕು ಅನ್ನಿಸಿದ್ದೇ ಇಲ್ಲ. 2022ರಲ್ಲಿ ಗಡಿ ನಿಯಂತ್ರಣ ರೇಖೆಯ ನಮ್ಮ ಸ್ನೈಪರ್‌ಗಳಿಗೆ ಬಂದ ಟಿಆರ್‌ಜಿ-42 ರೈಫಲ್ ಕೂಡ ಇದೇ ಸಾಕೊದ್ದು.)

ಒಗ್ಗರಣೆ ಏನು ಅಂದರೆ ನಾನು ಮೊದಲು ತೋರಿಸುವುದು ಹಿಂದಿನ ಗುರಿಕಿಂಡಿ. ಮಾಮೂಲಿ ಎಕೆಯಲ್ಲಿ ಅದು ಬಂದೂಕಿನ ನಡುವಿನಲ್ಲಿ, ಕಣ್ಣಿಂದ ದೂರ ಇರುತ್ತದೆ; ಬರೀ ಒಂದು ಕಚ್ಚು. ಅಲ್ಲಿಂದ ಮುಂದಿನ ಗುರಿಕಡ್ಡಿಗೆ 38 ಸೆಂಟಿಮೀಟರ್ ಇದ್ದರೆ ಹೆಚ್ಚು. ಫಿನ್ನರು ಅದನ್ನು ಕಿತ್ತು ರಿಸೀವರ್ (ಬಂದೂಕಿನ ಯಂತ್ರಭಾಗ ಕೂರುವ ಒಡಲು) ಮುಚ್ಚಳದ ಹಿಂತುದಿಗೆ, ಕಣ್ಣಿನ ಹತ್ತಿರ ತಂದಿಟ್ಟರು. ಕಚ್ಚಿನ ಬದಲು ಪುಟ್ಟ ತೂತು. ಅಂತರ 47 ಸೆಂಟಿಮೀಟರಿನ ಆಸುಪಾಸಿಗೆ ಹೋಯಿತು. ಅಂತರ ಹೆಚ್ಚಿದಷ್ಟೂ ಗುರಿಯ ತಪ್ಪು ಬೇಗ ಕಣ್ಣಿಗೆ ಬೀಳುತ್ತದೆ.

ಹೇಳುವುದಕ್ಕೆ ಸುಲಭ. ಆದರೆ ಎಕೆಯ ಮುಚ್ಚಳ ತೆಳು ತಗಡು, ಸಾರಿನ ಪಾತ್ರೆಯ ತಟ್ಟೆಯ ಹಾಗೆ ಗಡಗಡ ಅನ್ನುತ್ತದೆ. ಅದರ ಮೇಲೆ ಗುರಿಕಿಂಡಿ ಕೂರಿಸಿದರೆ ಗುಂಡು ಎಲ್ಲಿಗೆ ಹೋದೀತು? ಹಾಗಾಗಿ ಮುಚ್ಚಳವೇ ಗಟ್ಟಿಯಾಗಬೇಕು, ಕೂರುವ ಜಾಗ ಕರಾರುವಾಕ್ಕಾಗಿರಬೇಕು, ಅದನ್ನು ಹಿಡಿದಿಡಲು ಇಡೀ ಉಕ್ಕಿನ ಗಟ್ಟಿಯನ್ನು ಕೊರೆದು ರಿಸೀವರ್ ಮಾಡಬೇಕು. ದುಡ್ಡು ಹೋಗುವುದು ಅಲ್ಲಿಗೆ. ಕೊಳ್ಳುವಾಗ ನಾನು ಮೊದಲು ಮಾಡುವ ಪರೀಕ್ಷೆಯೂ ಇದೇ: ಹೆಬ್ಬೆರಳಿನಿಂದ ಮುಚ್ಚಳವನ್ನು ಅತ್ತಿತ್ತ ಒತ್ತಿ ನೋಡುವುದು. ಅಲ್ಲಾಡಿದರೆ ಅದು ಬೇರೆ ಬಂದೂಕಿನ ಮುಚ್ಚಳವೋ, ಸವೆದದ್ದೋ, ಏನೋ ಕಥೆ ಇದೆ ಎಂದರ್ಥ.

ಈ ಕೆಲಸವನ್ನು ಮೆಚ್ಚಿದವರು ಫಿನ್ನರಷ್ಟೇ ಅಲ್ಲ. ಇಸ್ರೇಲಿನವರು 1972ರಲ್ಲಿ ಸೇನೆಗೆ ತಂದ ಗಲಿಲ್ ರೈಫಲ್ ಆರ್‌ಕೆ 62ರ ಆಧಾರದ ಮೇಲೇ ನಿಂತದ್ದು. ಅದರಿಂದ ದಕ್ಷಿಣ ಆಫ್ರಿಕಾದ ಆರ್4 ಹುಟ್ಟಿತು. ಒಂದು ರೀತಿಯಲ್ಲಿ ಮಗಳು, ಮೊಮ್ಮಗಳು.

ಈಗ ನಾನು ಮೋಸ ಹೋದ ಕಥೆ. ಮೊದಲ ಸಲ ಒಬ್ಬ ವ್ಯಾಪಾರಿ "ಫಿನ್ನಿಷ್ ಸೇನೆಯಲ್ಲಿ ಇದ್ದದ್ದು, ಹಿಮ ಕಂಡದ್ದು" ಎಂದು ಕಥೆ ಕಟ್ಟಿ ಮಾರಿದ. ಮನೆಗೆ ತಂದು ದೀಪದ ಕೆಳಗೆ ನೋಡಿದರೆ ರಿಸೀವರ್ ಮೇಲೆ 62ರ ಪಕ್ಕದಲ್ಲಿ ಒಂದು ಎಸ್. ಎಸ್ ಎಂದರೆ ನಾಗರಿಕರ ಮಾರುಕಟ್ಟೆಗೆ ಮಾಡಿದ, ಒಂದೊಂದೇ ಗುಂಡು ಹಾರಿಸುವ (ಅರೆ-ಸ್ವಯಂಚಾಲಿತ) ಮಾದರಿ. ಹಿಮ ಕಂಡಿಲ್ಲ, ಬ್ಯಾರಕ್ಕೂ ಕಂಡಿಲ್ಲ. ಬಂದೂಕು ಚೆನ್ನಾಗಿಯೇ ಇತ್ತು. ನಾನು ದುಡ್ಡು ಕೊಟ್ಟದ್ದು ಕಥೆಗೆ.

ವಾಲ್ಮೆಟ್ ಮಾರಿದ ಮಾದರಿಗಳ ಹೆಸರಿನ ಗೊಂದಲವೂ ಇದೆ, ಅಲ್ಲಿ ಆರ್‌ಕೆ ಬದಲು ಎಂ. ಎಂ62/ಎಸ್‌ನದು ಕೊರೆದ ರಿಸೀವರ್, ಎಂ71/ಎಸ್‌ನದು ಒತ್ತಿದ ತಗಡಿನದು. ಎಂ76 ಎಂಬುದು 7.62×39 ಮಿ.ಮೀ. ಅಳತೆಯ ಗುಂಡಿಗೂ ಸಿಗುತ್ತದೆ, 5.56ರ ಗುಂಡಿಗೂ ಸಿಗುತ್ತದೆ. ಎಂ78ಕ್ಕೆ ಉದ್ದನೆಯ ಭಾರದ ನಳಿಕೆ. ಎಂ82 ಬುಲ್‌ಪಪ್ (ಗುಂಡಿನ ಪೆಟ್ಟಿಗೆ ಕುದುರೆಯ ಹಿಂದಿರುವ ಗಿಡ್ಡ ಬಂದೂಕು) ಕಣ್ಣಿಗೆ ಬೀಳುವುದೇ ಅಪರೂಪ, ಹಿಡಿಯುವುದಕ್ಕೆ ಅಷ್ಟೇನೂ ಸುಖವಿಲ್ಲ ಅನ್ನುವುದು ನನ್ನ ಅಭಿಪ್ರಾಯ. 5.56ರ ಎಂ76 ಕೊಳ್ಳುವವರು ಬಂದೂಕಿಗಿಂತ ಮೊದಲು ಮ್ಯಾಗಝೀನ್ (ಗುಂಡು ತುಂಬುವ ಪೆಟ್ಟಿಗೆ) ಸಿಗುತ್ತದೆಯೇ ನೋಡಿಕೊಳ್ಳಲಿ.

ಬೆಲೆ ಏರಲು ದೊಡ್ಡ ಕಾರಣ 1989. ಆ ವರ್ಷ ಅಮೆರಿಕ ಈ ಬಗೆಯ ರೈಫಲ್‌ಗಳ ಆಮದು ನಿಲ್ಲಿಸಿತು. ಬಂದದ್ದು ಬಂತು, ಇನ್ನು ಬರುವುದಿಲ್ಲ. ಹಾಗಾಗಿ ಹಳೆಯ ಮರದ ಹಿಡಿ, ಕೊಳವೆಯಂಥ ಉಕ್ಕಿನ ಹಿಡಿ, ಮೂಲ ಸ್ಕ್ರೂ ಕೂಡ ಬೆಲೆ ಬಾಳುತ್ತವೆ. "ಚೆಂದ ಕಾಣಲಿ" ಎಂದು ಯಾರೋ ಹೊಸದಾಗಿ ಕಪ್ಪು ಬಣ್ಣ ಬಳಿಸಿದ್ದರೆ ಬೆಲೆ ಅರ್ಧಕ್ಕೆ ಕೇಳಿ, ಕೊಡದಿದ್ದರೆ ಎದ್ದು ಬನ್ನಿ.

ಇನ್ನೊಂದು. ಫಿನ್ನಿಷ್ ರೈಫಲ್‌ನಲ್ಲಿ ಕತ್ತಲೆಗೆಂದು ಟ್ರಿಟಿಯಂ (ಹೊಳಪು ಕೊಡಲು ಬಳಸುವ ವಿಕಿರಣಶೀಲ ಜಲಜನಕ) ಹಾಕಿದ ಗುರಿಚುಕ್ಕಿ ಇದೆ. ಟ್ರಿಟಿಯಂ ಸುಮಾರು 12 ವರ್ಷಕ್ಕೊಮ್ಮೆ ಅರ್ಧವಾಗುತ್ತದೆ. 1970ರ ದಶಕದ ಚುಕ್ಕಿಯಲ್ಲಿ ಉಳಿದಿರುವುದು ಹೆಚ್ಚುಕಡಿಮೆ ಹದಿನಾರರಲ್ಲಿ ಒಂದು ಪಾಲು. "ಐವತ್ತು ವರ್ಷದ ಮೂಲ ಚುಕ್ಕಿ, ಈಗಲೂ ಫಳಫಳ ಹೊಳೆಯುತ್ತೆ" ಎಂದು ಯಾರಾದರೂ ಹೇಳಿದರೆ, ಚುಕ್ಕಿ ಬದಲಾಗಿದೆ ಅಥವಾ ಹೇಳುವವನು ಸುಳ್ಳ.

"ಊರಿಗೆ ವಾಪಸ್ ಹೋಗುವಾಗ ತಗೊಂಡು ಹೋಗ್ತೀಯಾ?" ಇದು ಪಾಯಸದ ಹೊತ್ತಿಗೆ ಬರುವ ಪ್ರಶ್ನೆ. ಇಲ್ಲ. ಅರೆ-ಸ್ವಯಂಚಾಲಿತ ರೈಫಲ್ ನಮ್ಮಲ್ಲಿ ನಿಷೇಧಿತ ಆಯುಧಗಳ ಸಾಲಿನಲ್ಲಿದೆ. ಕೊಡಗಿನವರಿಗಿರುವ ಲೈಸೆನ್ಸ್ ವಿನಾಯಿತಿಯೂ ಇಂಥದ್ದಕ್ಕೆ ಅಲ್ಲ. ಹೋಗುವ ದಿನ ಬಂದರೆ ಇಲ್ಲೇ ಮಾರಿ ಹೋಗುತ್ತೇನೆ. ಎಸ್ ಅಕ್ಷರ ತೋರಿಸಿಯೇ.