ವೈ-ಫೈ ಕಾರ್ಡ್ ಸತ್ತಿದೆ ಎನ್ನುವ ಮೊದಲು

ಹಳೆಯ ಲ್ಯಾಪ್‌ಟಾಪ್. ಆನ್ ಮಾಡಿದ ಕೂಡಲೇ ವೈ-ಫೈ ಸರಿಯಾಗಿಯೇ ಬರುತ್ತದೆ, ಅರ್ಧ ಗಂಟೆಯೊಳಗೆ ಕಡಿದುಹೋಗುತ್ತದೆ. ಆಮೇಲೆ ಸುತ್ತಲಿನ ಒಂದು ನೆಟ್‌ವರ್ಕ್ ಹೆಸರೂ ಕಾಣದು, ಕೆಲವು ಸಲ ವೈ-ಫೈ ಗುಂಡಿಯೇ ಮಾಯ. ರೀಸ್ಟಾರ್ಟ್ ಮಾಡಿದರೂ ಬರುವುದಿಲ್ಲ. ಆದರೆ ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು ಆನ್ ಮಾಡಿದರೆ ಮತ್ತೆ ಹಾಜರು. ಇಂಥ ಯಂತ್ರವೊಂದರಲ್ಲಿ ವೈ-ಫೈ ಕಾರ್ಡ್, ಅಂದರೆ ವೈ-ಫೈ ಸಿಗ್ನಲ್ ಹಿಡಿಯುವ ಪುಟ್ಟ ಬಿಡಿಭಾಗ, ನಿಜಕ್ಕೂ ಕೆಟ್ಟಿದೆಯೇ ಎಂದು ಮೊನ್ನೆ ಬಿಚ್ಚಿ ನೋಡಿದ ಕ್ರಮ ಇದು. ರೀಸ್ಟಾರ್ಟ್‌ಗೆ ಬಗ್ಗದ್ದು ತಣಿದ ಮೇಲೆ ಬಗ್ಗುತ್ತದೆ ಎಂಬುದೇ ಇಲ್ಲಿ ದೊಡ್ಡ ಸುಳಿವು. ಬರೀ ಡ್ರೈವರ್‌ನ (ಕಾರ್ಡನ್ನು ನಡೆಸುವ ತಂತ್ರಾಂಶದ) ದೋಷವಾಗಿದ್ದರೆ ರೀಸ್ಟಾರ್ಟ್ ಸಾಕಾಗಬೇಕಿತ್ತು.

ರೂಟರ್ ಮೇಲಿನ ಅನುಮಾನವನ್ನು ಮೊದಲೇ ಮುಗಿಸಿಬಿಡಬೇಕು. ಅದೇ ಜಾಗದಲ್ಲಿ ಫೋನ್‌ಗೆ ಸಿಗ್ನಲ್ ಇದ್ದರೆ ರೂಟರ್ ನಿರಪರಾಧಿ. ಒಂದು ವಿನಾಯಿತಿ ಇದೆ: ಹೊಸ ವೈ-ಫೈ 6 ರೂಟರ್‌ನ ನೆಟ್‌ವರ್ಕ್ ಕೆಲವು ಹಳೆಯ ಕಾರ್ಡ್‌ಗಳಿಗೆ, ಡ್ರೈವರ್ ಹಳೆಯದಾಗಿದ್ದರೆ, ಕಾಣುವುದೇ ಇಲ್ಲ. 2.4 ಗಿಗಾಹರ್ಟ್ಸ್ ಮಾತ್ರ ಬಲ್ಲ ಕಾರ್ಡ್‌ಗೆ 5 ಗಿಗಾಹರ್ಟ್ಸ್‌ನ ಹೆಸರು ಕಾಣದಿರುವುದೂ ದೋಷವಲ್ಲ. ನೆಟ್‌ವರ್ಕ್ ಕಂಡು, ಸೇರಿಕೊಂಡು, ಐಪಿ ವಿಳಾಸ ಮಾತ್ರ 169.254ರಿಂದ ಶುರುವಾಗಿದ್ದರೆ ರೂಟರ್‌ನಿಂದ ವಿಳಾಸ ಸಿಕ್ಕಿಲ್ಲ ಎಂದರ್ಥ. ಅದು ಬೇರೆ ಜಾಡು, ಅಲ್ಲಿ ಕಾರ್ಡ್ ಬಿಚ್ಚುವ ಅಗತ್ಯ ಸಾಮಾನ್ಯವಾಗಿ ಬೀಳದು.

ಮುಂದಿನದು ವಿಂಡೋಸ್‌ನ ಡಿವೈಸ್ ಮ್ಯಾನೇಜರ್, ಅಂದರೆ ಕಂಪ್ಯೂಟರ್‌ನಲ್ಲಿರುವ ಸಾಧನಗಳ ಪಟ್ಟಿ. ಬಹಳ ಜನ ಇಲ್ಲಿ ನೇರವಾಗಿ ಡ್ರೈವರ್ ತೆಗೆದುಹಾಕಿ ಮತ್ತೆ ಹಾಕಲು ಹೊರಡುತ್ತಾರೆ. ನನ್ನ ಪ್ರಕಾರ ಮೊದಲು ನೋಡಬೇಕಾದದ್ದು ಕಾರ್ಡ್ ಪಟ್ಟಿಯಲ್ಲಿ ಇದೆಯೇ ಎಂಬುದನ್ನು, ಇದ್ದರೆ ಯಾವ ಕೋಡ್ ತೋರಿಸುತ್ತಿದೆ ಎಂಬುದನ್ನು. ಕೋಡ್ 28 ಎಂದರೆ ಡ್ರೈವರ್ ಇಲ್ಲ. 22 ಎಂದರೆ ಯಾರೋ ನಿಷ್ಕ್ರಿಯ ಮಾಡಿದ್ದಾರೆ. 10 ಎಂದರೆ ಸಾಧನ ಶುರುವಾಗುತ್ತಿಲ್ಲ. ಇದಕ್ಕೆ ಡ್ರೈವರೂ ಕಾರಣವಿರಬಹುದು, ಕಾರ್ಡೂ ಇರಬಹುದು. ಕಾರ್ಡ್ ಪಟ್ಟಿಯಿಂದಲೇ ಹೋಗಿ, ವ್ಯೂ ಮೆನುವಿನಲ್ಲಿ ಅಡಗಿದ ಸಾಧನಗಳನ್ನು ತೋರಿಸು ಎಂದಾಗ ಮಸುಕಾಗಿ 45ನೇ ಕೋಡ್ ಜೊತೆ ಕಂಡರೆ, ಆ ಕ್ಷಣಕ್ಕೆ ಕಂಪ್ಯೂಟರ್‌ನ ಪಾಲಿಗೆ ಆ ಕಾರ್ಡ್ ಜೋಡಣೆಯಲ್ಲೇ ಇಲ್ಲ. ಈ ಯಂತ್ರದಲ್ಲಿ ಕಂಡದ್ದು ಇದೇ 45. ಇಲ್ಲದ ಕಾರ್ಡ್‌ಗೆ ಹೊಸ ಡ್ರೈವರ್ ಹಾಕಿ ಪ್ರಯೋಜನವಿಲ್ಲ.

ವಿಂಡೋಸ್‌ನ ತಪ್ಪೋ ಹಾರ್ಡ್‌ವೇರ್‌ನ ತಪ್ಪೋ ಎಂದು ಬೇರ್ಪಡಿಸಲು ಪೆನ್‌ಡ್ರೈವ್‌ನಿಂದಲೇ ಶುರುವಾಗುವ ಲಿನಕ್ಸ್ ಲೈವ್ ವ್ಯವಸ್ಥೆಗಿಂತ ಒಳ್ಳೆಯ ಸಾಧನ ನನಗೆ ಗೊತ್ತಿಲ್ಲ. 8 ಜಿಬಿ ಪೆನ್‌ಡ್ರೈವ್ ಸಾಕು, ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಟರ್ಮಿನಲ್‌ನಲ್ಲಿ ಎಲ್‌ಎಸ್‌ಪಿಸಿಐ ಆಜ್ಞೆ ಕೊಟ್ಟರೆ ಪಿಸಿಐ ಬಸ್ (ಸಾಧನಗಳು ಪ್ರೊಸೆಸರ್ ಜೊತೆ ಮಾತಾಡುವ ದಾರಿ) ಮೇಲಿರುವ ಎಲ್ಲ ಸಾಧನಗಳೂ ಬರುತ್ತವೆ. ಆಜ್ಞೆಗೆ -nn ಸೇರಿಸಿದರೆ ಜೊತೆಗೆ ಬರುವ ತಯಾರಕರ ಸಂಖ್ಯೆ 8086 ಆದರೆ ಇಂಟೆಲ್, 168ಸಿ ಆದರೆ ಅಥೆರಾಸ್, 14ಇ4 ಆದರೆ ಬ್ರಾಡ್‌ಕಾಮ್, 10ಇಸಿ ಆದರೆ ರಿಯಲ್‌ಟೆಕ್. ಸ್ಟಿಕರ್ ಅಳಿಸಿಹೋದ ಕಾರ್ಡ್ ಯಾವುದೆಂದು ತಿಳಿಯಲು ಇಷ್ಟು ಸಾಕು. ರೇಡಿಯೊಗೆ ತಡೆ ಇದೆಯೇ ಎಂದು ತೋರಿಸುವ ಆರ್‌ಎಫ್‌ಕಿಲ್ ಆಜ್ಞೆಯನ್ನೂ ಒಮ್ಮೆ ಕೊಟ್ಟು ನೋಡಬೇಕು. ಸಾಫ್ಟ್ ಬ್ಲಾಕ್ (ತಂತ್ರಾಂಶದ ತಡೆ) ಇದ್ದರೆ ಅದೇ ಆಜ್ಞೆಯಿಂದ ತೆಗೆಯಬಹುದು. ಹಾರ್ಡ್ ಬ್ಲಾಕ್ (ಯಂತ್ರದ ಗುಂಡಿಯ ತಡೆ) ಇದ್ದರೆ ಲ್ಯಾಪ್‌ಟಾಪ್‌ನ ಅಂಚಿನಲ್ಲಿರುವ ಜಾರುಗುಂಡಿಯನ್ನೋ ಫಂಕ್ಷನ್ ಕೀಲಿಯನ್ನೋ ಹುಡುಕಬೇಕು. ಹಳೆಯ ಯಂತ್ರಗಳಲ್ಲಿ ಈ ಜಾರುಗುಂಡಿ ಬ್ಯಾಗಿನೊಳಗೇ ಸರಿದುಬಿಟ್ಟಿರುತ್ತದೆ.

ಲಿನಕ್ಸ್‌ನಲ್ಲೂ ಅರ್ಧ ಗಂಟೆಯ ಹೊತ್ತಿಗೆ ಕಥೆ ಅದೇ ಆಯಿತು. ಕರ್ನಲ್ ಲಾಗ್‌ನಲ್ಲಿ (ಲಿನಕ್ಸ್‌ನ ತಿರುಳು ಬರೆದಿಡುವ ದಾಖಲೆಯಲ್ಲಿ) ದೋಷದ ಸಾಲುಗಳು ಸುರಿದವು, ಎಲ್‌ಎಸ್‌ಪಿಸಿಐ ಪಟ್ಟಿಯಲ್ಲಿ ಕಾರ್ಡ್‌ನ ಮುಂದೆ ರಿವಿಷನ್ ಸಂಖ್ಯೆಯ ಜಾಗದಲ್ಲಿ ಎಫ್‌ಎಫ್ ಬಂತು. ಪ್ರೊಸೆಸರ್ ಕೇಳಿದ ಪ್ರಶ್ನೆಗೆ ಕಾರ್ಡ್ ಉತ್ತರಿಸದಿದ್ದಾಗ ಎಲ್ಲ ಬಿಟ್‌ಗಳೂ 1 ಆಗಿ ಓದಿಕೊಳ್ಳುತ್ತವೆ. ಹೆಕ್ಸಾಡೆಸಿಮಲ್ ಬರಹದಲ್ಲಿ ಎಫ್‌ಎಫ್ ಎಂದರೆ ಅದೇ. ಎರಡು ಆಪರೇಟಿಂಗ್ ಸಿಸ್ಟಮ್‌ಗಳಲ್ಲೂ ಒಂದೇ ರೀತಿ ಕಾರ್ಡ್ ಬಸ್‌ನಿಂದ ಬಿದ್ದುಹೋದರೆ ಡ್ರೈವರ್ ವಿಷಯವನ್ನು ಬಹುಮಟ್ಟಿಗೆ ಬಿಟ್ಟುಬಿಡಬಹುದು. ಉಳಿಯುವುದು ಕಾರ್ಡ್, ಅದು ಕೂರುವ ಸ್ಲಾಟ್, ವಿದ್ಯುತ್ ಪೂರೈಕೆ. ವಿದ್ಯುತ್ ಉಳಿತಾಯದ ವ್ಯವಸ್ಥೆ ಕಾರ್ಡನ್ನು ಮಲಗಿಸಿ ಎಬ್ಬಿಸಲಾಗದೆ ಹೋಗುವುದೂ ಉಂಟು. ಅದಕ್ಕೇ ವಿಂಡೋಸ್‌ನ ಪವರ್ ಆಯ್ಕೆಗಳಲ್ಲಿ ಲಿಂಕ್ ಸ್ಟೇಟ್ ಪವರ್ ಮ್ಯಾನೇಜ್‌ಮೆಂಟ್ ಆಫ್ ಮಾಡಿ, ಕಾರ್ಡ್‌ನ ಗುಣಲಕ್ಷಣಗಳಲ್ಲಿ ವಿದ್ಯುತ್ ಉಳಿಸಲು ಸಾಧನವನ್ನು ಆಫ್ ಮಾಡಬಹುದು ಎಂಬ ಗುರುತು ತೆಗೆದು ಒಮ್ಮೆ ನೋಡುವುದು ಒಳ್ಳೆಯದು. ಇಲ್ಲಿ ಅದರಿಂದ ವ್ಯತ್ಯಾಸವಾಗಲಿಲ್ಲ.

ಬಿಚ್ಚುವ ಮುನ್ನ ಇನ್ನೊಂದು. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಚಾಲೂ ಇದ್ದರೆ ಶಟ್‌ಡೌನ್ ಪೂರ್ತಿ ಶಟ್‌ಡೌನ್ ಅಲ್ಲ, ಡ್ರೈವರ್‌ಗಳ ಸ್ಥಿತಿ ಡಿಸ್ಕ್‌ನಲ್ಲಿ ಉಳಿದು ಹಾಗೇ ವಾಪಸ್ ಬರುತ್ತದೆ. ಶಿಫ್ಟ್ ಒತ್ತಿಹಿಡಿದು ಶಟ್‌ಡೌನ್ ಮಾಡಿ, ಚಾರ್ಜರ್ ತೆಗೆದು, ಬ್ಯಾಟರಿ ಕಳಚಿ, ಪವರ್ ಗುಂಡಿಯನ್ನು 30 ಸೆಕೆಂಡ್ ಒತ್ತಿಹಿಡಿಯಬೇಕು. ಉಳಿದ ವಿದ್ಯುತ್ ಖಾಲಿಯಾಗಿ ಕಾರ್ಡ್ ನಿಜವಾಗಿಯೂ ಮೊದಲಿನಿಂದ ಶುರುವಾಗುತ್ತದೆ.

ತಳದ ಮುಚ್ಚಳ ತೆಗೆದರೆ ಕಾಣುವುದು ಸಾಮಾನ್ಯವಾಗಿ ಮಿನಿ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್, 52 ಪಿನ್‌ಗಳದ್ದು. ಅಗಲ 30 ಮಿಲಿಮೀಟರ್. ಅರ್ಧ ಅಳತೆಯದು 26.8 ಮಿಲಿಮೀಟರ್ ಉದ್ದ, ಪೂರ್ಣ ಅಳತೆಯದು 50.95. ಇದಕ್ಕೆ ಎರಡೋ ಮೂರೋ ಆಂಟೆನಾ ತಂತಿಗಳು ಪುಟ್ಟ ಅಂಗಿಗುಂಡಿಯಂತೆ ಕಚ್ಚಿಕೊಂಡಿರುತ್ತವೆ. ಯಾವ ತಂತಿ ಎಲ್ಲಿತ್ತೆಂದು ಫೋಟೊ ತೆಗೆದುಕೊಂಡು, ಪ್ಲಾಸ್ಟಿಕ್ ಚಿಮಟದಿಂದ ನೇರ ಮೇಲಕ್ಕೆ ಎತ್ತಬೇಕು. ತಂತಿ ಹಿಡಿದು ಪಕ್ಕಕ್ಕೆ ಎಳೆದರೆ ಕಾರ್ಡ್ ಮೇಲಿನ ಕನೆಕ್ಟರ್ ಕಿತ್ತು ಬರುತ್ತದೆ. ಯು.ಎಫ್‌ಎಲ್ ಎಂಬ ಈ ಕನೆಕ್ಟರ್‌ನ ಬಾಳಿಕೆಯೇ ಸುಮಾರು 30 ಸಲ ಹಾಕಿ ತೆಗೆಯುವಷ್ಟು, ಹಾಗಾಗಿ ಸುಮ್ಮನೆ ತೆಗೆದು ಹಾಕಿ ಆಟ ಆಡಬಾರದು. ಸ್ಕ್ರೂ ತೆಗೆದ ಕೂಡಲೇ ಕಾರ್ಡ್ ಓರೆಯಾಗಿ ಮೇಲೇಳುತ್ತದೆ, ಅದೇ ಕೋನದಲ್ಲಿ ಹೊರಗೆಳೆಯಬೇಕು.

ಚಿನ್ನದ ಲೇಪದ ಸಂಪರ್ಕಗಳನ್ನು ಪೆನ್ಸಿಲ್ ರಬ್ಬರ್‌ನಿಂದ ಉಜ್ಜುವ ಸಲಹೆ ಎಲ್ಲೆಲ್ಲೂ ಸಿಗುತ್ತದೆ. ಲೇಪ ತೆಳುವಾದದ್ದು, ರಬ್ಬರ್ ಅದನ್ನೇ ಕೆರೆಯುತ್ತದೆ, ಚೂರುಗಳು ಸ್ಲಾಟ್‌ನಲ್ಲಿ ಕೂರುತ್ತವೆ. ನೂಲು ಬಿಡದ ಬಟ್ಟೆ, 99 ಪ್ರತಿಶತ ಐಸೊಪ್ರೊಪೈಲ್ ಆಲ್ಕೋಹಾಲ್ ಇದ್ದರೆ ಬೇರೇನೂ ಬೇಡ. ಒರೆಸಿ, ಒಣಗಲು ಬಿಟ್ಟು, ಕಾರ್ಡ್ ಮತ್ತೆ ಕೂರಿಸಿದಾಗ ವೈ-ಫೈ ಮೊದಲಿಗಿಂತ ಹೆಚ್ಚು ಹೊತ್ತು ನಿಂತಿತು, ಆದರೆ ಕೊನೆಗೆ ಬಿತ್ತು. ಸಂಪರ್ಕದ ಕೊಳೆಯೊಂದೇ ಕಾರಣವಲ್ಲ ಎಂದು ಇಷ್ಟರಿಂದ ಹೇಳಬಹುದು.

ಬಿಸಿಯ ಅನುಮಾನ ಪರೀಕ್ಷಿಸಲು ಕೆಲವರು ಹೇರ್ ಡ್ರೈಯರ್ ಹಿಡಿಯುತ್ತಾರೆ. ಅದು ಅಕ್ಕಪಕ್ಕದ ಎಲ್ಲವನ್ನೂ ಬಿಸಿ ಮಾಡುತ್ತದೆ, ಹಾಗಾಗಿ ಏನನ್ನೂ ಸಾಬೀತು ಮಾಡುವುದಿಲ್ಲ. ತಣಿಸುವುದೇ ಮೇಲು: ಮುಚ್ಚಳ ತೆಗೆದಿಟ್ಟು ಕಾರ್ಡ್ ಮೇಲೆ ಸಣ್ಣ ಫ್ಯಾನ್ ಗಾಳಿ ಬೀಸುವಂತೆ ಇಟ್ಟಾಗ ಸಂಪರ್ಕ ಕಡಿಯಲಿಲ್ಲ, ಫ್ಯಾನ್ ತೆಗೆದ ಮೇಲೆ ಕಡಿಯಿತು. ಬಿಸಿಗೆ ಹಿಗ್ಗಿ ಬಿರುಕು ಬಿಡುವ ಬೆಸುಗೆ ಅಥವಾ ಸೋತ ಬಿಡಿಭಾಗ ಇದ್ದಾಗ ಹೀಗಾಗುತ್ತದೆ. ಕಾರ್ಡನ್ನು ಓವನ್‌ನಲ್ಲಿಟ್ಟು ಬೆಸುಗೆ ಕರಗಿಸುವ ಸಾಹಸ ಬೇಡ. ಸರಿಯಾದರೂ ಹೆಚ್ಚು ದಿನ ಬಾಳದು, ಹೊಗೆಯೂ ಒಳ್ಳೆಯದಲ್ಲ.

ತೀರ್ಪು ಕೊಡುವುದು ಅದಲುಬದಲು. ಬೇರೆ ಕಾರ್ಡ್ ಇದೇ ಸ್ಲಾಟ್‌ನಲ್ಲಿ ನಿಂತಿತು, ಈ ಕಾರ್ಡ್ ಇನ್ನೊಂದು ಲ್ಯಾಪ್‌ಟಾಪ್‌ನಲ್ಲೂ ಬಿತ್ತು. ಎರಡನ್ನೂ ಮಾಡಬೇಕು, ಒಂದನ್ನೇ ಮಾಡಿದರೆ ಸ್ಲಾಟ್‌ನ ಸಡಿಲ ಪಿನ್ ನಿಮ್ಮ ಕಣ್ಣಿಗೆ ಮಣ್ಣೆರಚಬಹುದು.

ಬದಲಿ ಕಾರ್ಡ್ ಕೊಳ್ಳುವಾಗ ಅಳತೆಗಿಂತ ಮುಂಚೆ ನೋಡಬೇಕಾದದ್ದು ಬಯೋಸ್, ಅಂದರೆ ಯಂತ್ರ ಆನ್ ಆದಾಗ ಮೊದಲು ಓಡುವ ತಂತ್ರಾಂಶ. ಕೆಲವು ತಯಾರಕರ ಹಳೆಯ ಯಂತ್ರಗಳಲ್ಲಿ ಒಪ್ಪಿತ ಕಾರ್ಡ್‌ಗಳ ಪಟ್ಟಿ ಇರುತ್ತದೆ. ಪಟ್ಟಿಯಲ್ಲಿಲ್ಲದ ಕಾರ್ಡ್ ಹಾಕಿದರೆ ಬೂಟ್ ಅಲ್ಲೇ ನಿಲ್ಲುತ್ತದೆ. ಅಂಥ ಕಡೆ ಆ ಮಾದರಿಗೇ ಒಪ್ಪಿದ ಪಾರ್ಟ್ ನಂಬರ್ ಹುಡುಕಬೇಕು. ಎಂ.2 ಎಂಬ ಹೊಸ ನಮೂನೆಯ ಕಾರ್ಡ್ ಕೊಂಡು ಅಡಾಪ್ಟರ್ ಮೂಲಕ ಮಿನಿ ಸ್ಲಾಟ್‌ಗೆ ಹಾಕಬಹುದು, ಆದರೆ ಅದರ ಆಂಟೆನಾ ಕನೆಕ್ಟರ್ ಇನ್ನೂ ಚಿಕ್ಕ ಎಂಎಚ್‌ಎಫ್4, ಹಳೆಯ ತಂತಿ ಅದಕ್ಕೆ ಕೂರದು. ಇಂಟೆಲ್‌ನ 9560, ಎಎಕ್ಸ್201ರಂಥ ಸಿಎನ್‌ವಿಐ ಕಾರ್ಡ್‌ಗಳು (ವೈ-ಫೈ ಕೆಲಸದ ಒಂದು ಭಾಗವನ್ನು ಇಂಟೆಲ್‌ನ ಹೊಸ ಚಿಪ್‌ಗಳಿಗೇ ಬಿಟ್ಟಿರುವವು) ಸ್ಲಾಟ್‌ಗೆ ಹೊಂದಿದರೂ ಹಳೆಯ ಚಿಪ್‌ಸೆಟ್‌ನಲ್ಲಿ ಕೆಲಸ ಮಾಡುವುದಿಲ್ಲ. ಎಎಕ್ಸ್200 ಮಾಡುತ್ತದೆ, ಆದರೆ ಇಂಟೆಲ್ ಅದಕ್ಕೆ ವಿಂಡೋಸ್ 7ಕ್ಕೆ ಡ್ರೈವರ್ ಕೊಟ್ಟಿಲ್ಲ. ಬ್ಲೂಟೂತ್ ಭಾಗ ಸ್ಲಾಟ್‌ನ ಯುಎಸ್‌ಬಿ ಪಿನ್‌ಗಳಿಂದ ನಡೆಯುವುದರಿಂದ ಮದರ್‌ಬೋರ್ಡ್‌ನಲ್ಲಿ ಆ ಸಂಪರ್ಕವಿಲ್ಲದಿದ್ದರೆ ವೈ-ಫೈ ಬಂದು ಬ್ಲೂಟೂತ್ ಬರದೆ ಉಳಿಯುತ್ತದೆ. ಹೊಸ ಕಾರ್ಡ್ ಸದಾ ಹಾರ್ಡ್ ಬ್ಲಾಕ್ ತೋರಿಸಿದರೆ ಮಿನಿ ಕಾರ್ಡ್‌ನ 20ನೇ ಪಿನ್ ಮೇಲೆ ಕ್ಯಾಪ್ಟಾನ್ (ವಿದ್ಯುತ್ ಹರಿಯಗೊಡದ) ಟೇಪ್‌ನ ಸಣ್ಣ ಚೂರು ಅಂಟಿಸುವ ಉಪಾಯವಿದೆ, ರೇಡಿಯೊವನ್ನು ಆಫ್ ಮಾಡುವ ಸಂಕೇತ ಆ ಪಿನ್‌ನಲ್ಲೇ ಬರುವುದು.

ಹೊಸದನ್ನು ಹಾಕಿದ ಮೇಲೆ ಸಿಗ್ನಲ್ ಮಟ್ಟ ನೋಡಿ. ರೂಟರ್ ಇರುವ ಕೋಣೆಯಲ್ಲೇ ಮೈನಸ್ 50 ಡಿಬಿಎಂ (ಸಿಗ್ನಲ್ ಬಲದ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು) ಆಸುಪಾಸು ಬಂದರೆ ಆಂಟೆನಾ ಸರಿಯಾಗಿ ಕಚ್ಚಿದೆ. ಅಲ್ಲೇ ಮೈನಸ್ 75ಕ್ಕೆ ಇಳಿದಿದ್ದರೆ ಮುಚ್ಚಳ ಮತ್ತೆ ತೆಗೆದು ಗುಂಡಿಗಳನ್ನು ಬೆರಳಿನಿಂದ ಒತ್ತಿ, ಟಕ್ ಎಂದು ಕೂರುವ ತನಕ.